ಗೇರುಸೊಪ್ಪೆಯ ಸಿಂಗಳೀಕ, ಮಲ್ಪೆಯ ಗರಗಸ ಮೀನು

ಜೋಗದಿಂದ ಹೊನ್ನಾವರಕ್ಕೆ ಇಳಿಯುವ ಗೇರುಸೊಪ್ಪೆ ಘಾಟಿಯಲ್ಲಿ ದಯವಿಟ್ಟು ನಿಧಾನಕ್ಕೆ ಹೋಗಿ. ರಸ್ತೆ ಪಕ್ಕದ ಮರಗಳಲ್ಲಿ ಸಿಂಗಳೀಕ ಕಾಣಬಹುದು. ಹೋದ ವೀಕೆಂಡ್ ನನಗೆ ಒಂದು ಗುಂಪೇ ಸಿಕ್ಕಿತು. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ, ಬಾಲದ ತುದಿಗೆ ಸಿಂಹದ ಹಾಗೆ ಕುಚ್ಚು. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರೆ ಯಾವ ಕಾಡಲ್ಲೂ ಇವು ಇಲ್ಲ.

ಮಾರನೇ ದಿನ ಮಲ್ಪೆ ಬಂದರಿನಲ್ಲಿ ಗರಗಸ ಮೀನಿನ ಬಗ್ಗೆ ವಿಚಾರಿಸಿದೆ. ನೋಡೋಕೆ ಶಾರ್ಕ್ ಥರ ಇದ್ದರೂ ಅದು ತೊರಕೆ ಮೀನಿನ ಬಳಗದ್ದು. ಕಿವಿರು ಹೊಟ್ಟೆಯ ಕಡೆ ಇರುತ್ತೆ. ಬಲೆ ಸರಿಮಾಡುತ್ತಿದ್ದ ಹಿರಿಯರು ತಲೆ ಎತ್ತದೆಯೇ ಹೇಳಿದರು: "ನಮ್ಮ ಅಪ್ಪನ ಕಾಲದಲ್ಲಿ ಬೀಳ್ತಿತ್ತಂತೆ. ಈಗ ಎಲ್ಲುಂಟು ಮಾರಾಯ್ರೆ?" 2021ರಲ್ಲಿ ಇಲ್ಲಿನ ಬೋಟಿಗೆ ಒಂದು ಸಿಕ್ಕಿದ್ದೇ ದೊಡ್ಡ ಸುದ್ದಿಯಾಗಿತ್ತು.

ಒಂದು ಮರದಿಂದ ಇಳಿಯೋದೇ ಅಪರೂಪ, ಇನ್ನೊಂದು ನೀರು ಬಿಟ್ಟು ಬರಲ್ಲ. ಆದರೂ ಇಬ್ಬರ ಕಷ್ಟ ಹತ್ತಿರ ಹತ್ತಿರ. ಸಿಂಗಳೀಕ ಹೆರೋದು ಒಮ್ಮೆಗೆ ಒಂದೇ ಮರಿ, ಅದೂ ವರ್ಷಗಳ ಅಂತರದಲ್ಲಿ. ಗರಗಸ ಮೀನು ಸಾವಿರಾರು ಮೊಟ್ಟೆ ಇಡಲ್ಲ, ಕೆಲವೇ ಮರಿ ಹಾಕುತ್ತೆ. ಕಳೆದುಕೊಂಡದ್ದನ್ನು ಬೇಗ ತುಂಬಿಕೊಳ್ಳೋಕೆ ಎರಡಕ್ಕೂ ಆಗಲ್ಲ. ಬೇಟೆಗೆ ನೆರವಾಗುವ ಗರಗಸವೇ ಬಲೆಗೆ ಸಿಕ್ಕಿಕೊಂಡು ಮೀನಿನ ಪ್ರಾಣ ತೆಗೆಯುತ್ತೆ. ಕೊಂಬೆಯಿಂದ ಕೊಂಬೆಗೆ ಹೋಗುವ ಸಿಂಗಳೀಕಕ್ಕೆ ರಸ್ತೆ, ವಿದ್ಯುತ್ ಲೈನ್‌ಗಾಗಿ ಕಾಡು ತುಂಡಾದರೆ ದಾರಿಯೇ ಮುಚ್ಚಿದಂತೆ.

ಕಾನೂನು ಇಬ್ಬರನ್ನೂ ಹುಲಿಯ ಸಾಲಲ್ಲೇ, 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಇಟ್ಟಿದೆ. ಗರಗಸ ಮೀನು ಸೇರಿದ್ದು 2001ರಲ್ಲಿ. ವ್ಯತ್ಯಾಸ ಇರೋದು ಇಲ್ಲಿ: ಸಿಂಗಳೀಕಕ್ಕೆ 2019ರಲ್ಲಿ ಶರಾವತಿ ಕಣಿವೆಯಲ್ಲಿ ಅಭಯಾರಣ್ಯವಾಯ್ತು. ಅದೇ ಕಣಿವೆಗೆ 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ಬರುತ್ತೆ ಅಂದಾಗ ಜನ ದನಿ ಎತ್ತಿದರು. ಮೀನಿಗೆ ಗಡಿಯೂ ಇಲ್ಲ, ಬೋರ್ಡೂ ಇಲ್ಲ. ಅದಕ್ಕಾಗಿ ಯಾರೂ ಮೆರವಣಿಗೆ ಮಾಡಿದ್ದು ನಾನು ಕೇಳಿಲ್ಲ.

ನಾವು ಮಾಡಬಹುದಾದ್ದು ಕಷ್ಟದ್ದೇನಲ್ಲ. ಘಾಟಿಯಲ್ಲಿ ಚಿಪ್ಸ್, ಬಾಳೆಹಣ್ಣು ಎಸೆಯಬೇಡಿ. ತಿಂಡಿ ಆಸೆಗೆ ರಸ್ತೆಗಿಳಿದ ಮಂಗ ಚಕ್ರದಡಿ ಸಾಯುತ್ತೆ. ಬಂದರಿನಲ್ಲಿ ಗರಗಸ ಮೀನು ಕಂಡರೆ ಸೆಲ್ಫಿಗಿಂತ ಮೊದಲು ಅರಣ್ಯ ಇಲಾಖೆಗೆ ಫೋನ್ ಮಾಡಿ. ಜೀವ ಇದ್ದರೆ, ಬಲೆ ಕತ್ತರಿಸಿ ಬಿಟ್ಟರೆ ಅದು ವಾಪಸ್ ಸಮುದ್ರಕ್ಕೆ ಹೋಗುತ್ತೆ.