ಲೇಪಾಕ್ಷಿಯ ಚಾವಣಿಯ ಕೆಳಗೆ

ರೋಮಿನಲ್ಲಿ ಓದುತ್ತಿದ್ದ ದಿನಗಳಲ್ಲಿ ರೊಮೇನಿಯಾ ದೇಶದ ಗುರುವೊಬ್ಬರು ನನ್ನ ಸಹಪಾಠಿಯಾಗಿದ್ದರು. ಒಂದು ಬೇಸಿಗೆ ರಜೆಯಲ್ಲಿ ತಮ್ಮ ಹಳೆಯ ಕಾರಿನಲ್ಲಿ ನನ್ನನ್ನು ಕೂರಿಸಿಕೊಂಡು ತಮ್ಮ ನಾಡಿನ ಉತ್ತರ ಭಾಗವನ್ನೆಲ್ಲ ಸುತ್ತಿಸಿದರು. ಮಾರಾಮುರೇಷ್ ಸೀಮೆಯ ಮರದ ದೇವಾಲಯಗಳನ್ನು ಕಂಡೆವು. ಷುರ್ದೆಷ್ತಿ ಎಂಬ ಹಳ್ಳಿಯ ಮರದ ಚರ್ಚಿನ ಗೋಪುರವೊಂದೇ 54 ಮೀಟರ್ ಎತ್ತರ! ಅಲ್ಲಿಂದ ಬುಕೊವಿನಾದ ಚಿತ್ರಮಠಗಳಿಗೆ ಹೋದೆವು. ಅಲ್ಲಿ ಗೋಡೆಗಳ ಒಳಗಷ್ಟೇ ಅಲ್ಲ, ಹೊರಗೂ ನೆಲದಿಂದ ಸೂರಿನವರೆಗೆ ಚಿತ್ರಗಳು. ವೊರೊನೆತ್ಸ್ ಮಠದ ಪಶ್ಚಿಮದ ಗೋಡೆಯ ತುಂಬ ಅಂತಿಮ ತೀರ್ಪಿನ ದೃಶ್ಯವಿದೆ. ಉತ್ತರದ ಗೋಡೆ ಮಾತ್ರ ಮಳೆಗಾಳಿಗೆ ಸಿಕ್ಕು ಬಹುಮಟ್ಟಿಗೆ ಅಳಿಸಿಹೋಗಿದೆ.

"ನಿಮ್ಮ ಕಡೆ ಇಂಥದ್ದೇನಾದರೂ ಇದೆಯೇ?" ಎಂದು ಗೆಳೆಯರು ಕೇಳಿದರು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯದ ಹೆಸರು ಹೇಳಿದೆ. ಇಟಲಿಯಿಂದ ಬಂದ ಯೇಸುಸಭೆಯ ಸಹೋದರ ಅಂತೋನಿಯೋ ಮೊಸ್ಕೇನಿಯವರು 1899ರಿಂದ 1901ರವರೆಗೆ ಅದರ ಗೋಡೆ, ಚಾವಣಿಗಳನ್ನು ಚಿತ್ರಗಳಿಂದ ತುಂಬಿದರು. "ಅದು ಯುರೋಪಿನವರು ಬಂದು ಬರೆದದ್ದಾಯಿತು. ನಿಮ್ಮವರು ಬರೆದದ್ದು?" ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಬೆಂಗಳೂರಿನಿಂದ ನೂರಿಪ್ಪತ್ತು ಕಿಲೋಮೀಟರು ದೂರದ ಲೇಪಾಕ್ಷಿಯನ್ನು ನಾನು ಅಲ್ಲಿಯವರೆಗೆ ನೋಡಿರಲೇ ಇಲ್ಲ.

ಈ ವರ್ಷ ಹೋಗುವ ಸಂದರ್ಭ ತಾನಾಗಿ ಒದಗಿತು. ಕಲ್ಯಾಣದುರ್ಗದಲ್ಲಿ ನನ್ನ ಸೆಮಿನರಿ ಗೆಳೆಯರ ತಾಯಿ ಹಾಸಿಗೆ ಹಿಡಿದಿದ್ದರು. ಅವರನ್ನು ನೋಡಿಬರಲು ಹೊರಟಾಗ ಕಾರು ಓಡಿಸಲು ಬಂದವರು ನಮ್ಮ ದೇವಾಲಯಕ್ಕೆ ಬಣ್ಣ ಹೊಡೆಯಲು ಒಪ್ಪಿಕೊಂಡಿದ್ದ ಪೇಂಟರ್. ಈ ಬಣ್ಣದ ವಿಷಯವನ್ನು ಸ್ವಲ್ಪ ಹೇಳಬೇಕು. ನಮ್ಮ ಬಲಿಪೀಠದ ಹಿಂದಿನ ಗೋಡೆಯಲ್ಲಿ ಯಾರೋ ಹಿರಿಯರು ಕೈಯಿಂದ ಬರೆದ ಬಳ್ಳಿ, ದ್ರಾಕ್ಷಿ ಗೊಂಚಲು, ಎರಡು ದೇವದೂತರ ಚಿತ್ರಗಳಿವೆ. ನೀರು ಸೋರಿ ಒಬ್ಬ ದೇವದೂತರ ಮುಖವೇ ಮಸುಕಾಗಿದೆ. ಹಬ್ಬಕ್ಕೆ ಮುಂಚೆ ಎಲ್ಲವನ್ನೂ ಒಂದೇ ದಂತದ ಬಣ್ಣದಲ್ಲಿ ಮುಗಿಸಿಬಿಡೋಣ ಎಂದು ಪಾಲನಾ ಸಮಿತಿ ತೀರ್ಮಾನಿಸಿತ್ತು. ನಾನೂ ಸಹಿ ಹಾಕಿದ್ದೆ.

ಸಹಿ ಹಾಕುವಾಗ ಕೈ ನಡುಗಲಿಲ್ಲ ಎಂದರೆ ಸುಳ್ಳಾದೀತು. ನಾನು ಹೊಸದಾಗಿ ಗುರುವಾಗಿ ಹೋದ ಮೊದಲ ಧರ್ಮಕೇಂದ್ರದಲ್ಲಿ ಒಂದು ಹಳೆಯ ಮರದ ಪೀಠವಿತ್ತು. ಗೆದ್ದಲು ಹಿಡಿದಿದೆ ಎಂದು ಯಾರೋ ಹೇಳಿದರು, ನಾನು ಹೌದೆಂದೆ. ಗ್ರಾನೈಟ್ ಬಂತು. ಮರ ಸೌದೆಗೆ ಹೋಯಿತು. ಒಡೆಯುವಾಗ ನೋಡಿದರೆ ಗೆದ್ದಲು ಇದ್ದದ್ದು ಕೆಳಗಿನ ಒಂದು ಹಲಗೆಯಲ್ಲಿ ಮಾತ್ರ.

ದೊಡ್ಡಬಳ್ಳಾಪುರ, ಗೌರಿಬಿದನೂರು ದಾಟಿದರೆ ಹಿಂದೂಪುರ. ಅಂಗಡಿಗಳ ಬೋರ್ಡುಗಳು ತೆಲುಗಿಗೆ ತಿರುಗುತ್ತವೆ, ಮಾತು ಮಾತ್ರ ಅಷ್ಟು ಬೇಗ ತಿರುಗುವುದಿಲ್ಲ. ಟೀ ಅಂಗಡಿಯವನು ನಮ್ಮ ಜೊತೆ ಕನ್ನಡ, ಪಕ್ಕದವನ ಜೊತೆ ತೆಲುಗು ಆಡುತ್ತ ಎರಡು ಕಡೆಯೂ ಚಿಲ್ಲರೆ ಕೊಟ್ಟ. 2022ರಿಂದ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿದಿದೆ.

ಹಿಂದೂಪುರದಿಂದ ಲೇಪಾಕ್ಷಿಗೆ ಸುಮಾರು ಹದಿನೈದು ಕಿಲೋಮೀಟರು. ಮೊದಲು ಸಿಗುವುದು ಒಂದೇ ಕಲ್ಲಿನಲ್ಲಿ ಕಡೆದ ಭಾರಿ ನಂದಿ. ಮುಂದೆ ವೀರಭದ್ರ ದೇವಾಲಯ. ವಿಜಯನಗರದ ಅಚ್ಯುತರಾಯನ ಕಾಲದಲ್ಲಿ, ಪೆನುಕೊಂಡದಲ್ಲಿ ಅಧಿಕಾರದಲ್ಲಿದ್ದ ವಿರೂಪಣ್ಣ ಮತ್ತು ಅವನ ತಮ್ಮ ವೀರಣ್ಣ 1530ರ ದಶಕದಲ್ಲಿ ಇದನ್ನು ಕಟ್ಟಿಸಿದರು. ಒಂದು ಕ್ಷಣ ಬೆರಗಾದೆ. ಬುಕೊವಿನಾದ ಹುಮೋರ್ ಮಠದ ಹೊರಗೋಡೆಗೆ ಚಿತ್ರ ಬರೆದದ್ದು 1535ರಲ್ಲಿ, ಮೊಲ್ದೊವಿತ್ಸಾ ಮಠದ್ದು 1537ರಲ್ಲಿ. ಒಬ್ಬರ ಸುದ್ದಿ ಇನ್ನೊಬ್ಬರಿಗೆ ತಿಳಿಯದೆ, ಅದೇ ವರ್ಷಗಳಲ್ಲಿ ಅಲ್ಲೂ ಇಲ್ಲೂ ಅಟ್ಟಣಿಗೆ ಏರಿ ಜನ ಕುಂಚ ಹಿಡಿದಿದ್ದರು.

ನಾಟ್ಯಮಂಟಪದಲ್ಲಿ ಜನರೆಲ್ಲ ನೆಲಕ್ಕೆ ತಾಗದೆ ನಿಂತಿದೆ ಎನ್ನುವ ಕಂಬದ ಸುತ್ತ ಸೇರಿ, ಅದರ ಕೆಳಗೆ ಟವೆಲ್ ತೂರಿಸುತ್ತಿದ್ದರು. ತಲೆ ಎತ್ತಿ ನೋಡುವವರು ಕಡಿಮೆ. ಎತ್ತಿದರೆ ಚಾವಣಿಯ ಉದ್ದಕ್ಕೂ ಪಟ್ಟಿ ಪಟ್ಟಿಯಾಗಿ ಕಥೆಗಳು. ಹಂದಿಗಾಗಿ ಶಿವನೊಡನೆ ಕಾದಾಡುವ ಅರ್ಜುನ, ಆಲದೆಲೆಯ ಮೇಲೆ ಮಲಗಿದ ಕೃಷ್ಣ, ಅಂಚು ಸೆರಗಿನ ಸೀರೆಯುಟ್ಟ ಹೆಂಗಸರು, ಎತ್ತರದ ಕುಲಾವಿ ತೊಟ್ಟ ಗಂಡಸರು. ಕಟ್ಟಿಸಿದ ಅಣ್ಣತಮ್ಮಂದಿರೂ ಅವರ ನಡುವೆ ಕೈಮುಗಿದು ನಿಂತಿದ್ದಾರೆ. ಗರ್ಭಗುಡಿಯ ಮುಂದಿನ ಮಂಟಪದ ಚಾವಣಿಯಲ್ಲಿ ಇಪ್ಪತ್ತು ಅಡಿಗೂ ಮಿಕ್ಕಿ ಉದ್ದದ ಒಬ್ಬನೇ ವೀರಭದ್ರ. ವೊರೊನೆತ್ಸ್‌ಗೆ ನೀಲಿ ಹೇಗೋ ಲೇಪಾಕ್ಷಿಗೆ ಕೆಂಪು ಹಾಗೆ.

ನಮ್ಮ ಪೇಂಟರ್ ಅರ್ಧ ಗಂಟೆ ಮಾತಾಡಲಿಲ್ಲ. ಆಮೇಲೆ ನನಗೆ ಪಾಠ ಶುರುವಾಯಿತು. ಕಲ್ಲಿನ ಮೇಲೆ ಸುಣ್ಣದ ಗಾರೆ ಬಳಿದು, ನಯ ಮಾಡಿ, ಗೆರೆ ಎಳೆದು, ಆಮೇಲೆ ಬಣ್ಣ ತುಂಬುವ ಕೆಲಸ ಇದು. ಬಿಳಿಗೆ ಸುಣ್ಣ, ಕಪ್ಪಿಗೆ ಕಾಡಿಗೆ, ಕೆಂಪು ಹಳದಿಗೆ ಮಣ್ಣು. ಕಡೆಗೆ ಕಪ್ಪು ಗೆರೆಯಿಂದ ಅಂಚು. "ಮುಖ ನೋಡಿ ಫಾದರ್, ಮೂಗಿನ ಗೆರೆ ಒಂದೇ ಎಳೆತ. ಕೈ ಎತ್ತಿಲ್ಲ. ನನಗೆ ಕೈಲಾಗಲ್ಲ." ಗಾರೆ ಉದುರಿ ಕಲ್ಲು ಕಾಣುವ ಕಡೆ ನಿಂತು, "ಯಾರಾದರೂ ಒಂದು ಕೋಟು ಡಿಸ್ಟೆಂಪರ್ ಹೊಡೆದಿದ್ದರೆ ಕಥೆ ಮುಗೀತಿತ್ತು" ಎಂದರು. ನಾನು ಗೋಡೆಯ ಕಡೆ ತಿರುಗಿ ಕನ್ನಡ ಶಾಸನಗಳ ಅಕ್ಷರ ಕೂಡಿಸತೊಡಗಿದೆ. ಇಲ್ಲಿನ ಶಾಸನಗಳಲ್ಲಿ ಹೆಚ್ಚಿನವು ಕನ್ನಡದವು.

ಹಿಂದಿನ ಕಲ್ಯಾಣಮಂಟಪ ಅರ್ಧಕ್ಕೇ ನಿಂತಿದೆ. ದೊರೆಯ ಅಪ್ಪಣೆಯಿಲ್ಲದೆ ಬೊಕ್ಕಸದ ಹಣ ಬಳಸಿದ ಅಪವಾದ ಬಂದು ವಿರೂಪಣ್ಣ ತನ್ನ ಕಣ್ಣುಗಳನ್ನು ತಾನೇ ಕಿತ್ತು ಗೋಡೆಗೆ ಎಸೆದನೆಂದು ಜನ ಕಥೆ ಹೇಳುತ್ತಾರೆ, ಕೆಂಪು ಕಲೆಗಳನ್ನೂ ತೋರಿಸುತ್ತಾರೆ. ಧರ್ಮಕೇಂದ್ರದ ಲೆಕ್ಕ ಬರೆಯುವ ನನಗೆ ಆ ಗೋಡೆಯ ಮುಂದೆ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ! 2022ರಲ್ಲಿ ಈ ದೇವಾಲಯ ಮತ್ತು ನಂದಿಯನ್ನು ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿಸಲಾಯಿತು.

ಮಡಕಶಿರಾ, ಪಾವಗಡಗಳ ಮೂಲಕ ಕಲ್ಯಾಣದುರ್ಗಕ್ಕೆ ಹೊರಟೆವು. ಆಂಧ್ರ ಮುಗಿದು ಕರ್ನಾಟಕ, ಮತ್ತೆ ಆಂಧ್ರ. ಎರಡೂ ಕಡೆ ಅದೇ ಬಂಡೆಗುಡ್ಡ, ಅದೇ ಕಡಲೆಕಾಯಿ ಹೊಲ. ಹದಿನೆಂಟನೇ ಶತಮಾನದ ಆರಂಭದಲ್ಲಿ ಫ್ರೆಂಚ್ ಯೇಸುಸಭೆಯ ಗುರುಗಳು ಪುದುಚೇರಿಯಿಂದ ಪುಂಗನೂರು, ಕೃಷ್ಣಾಪುರಗಳವರೆಗೆ ಬಂದು ಈ ಒಣನಾಡುಗಳಲ್ಲಿ ಸೇವೆ ಮಾಡಿದರು. ಅವರ ಪತ್ರಗಳು ಪ್ಯಾರಿಸಿನಲ್ಲಿ ಅಚ್ಚಾಗಿ ಉಳಿದವು. ಮಣ್ಣು, ಮರ, ಹುಲ್ಲಿನಿಂದ ಕಟ್ಟಿದ ಗುಡಿಗಳು ಉಳಿಯಲಿಲ್ಲ. ಇದೇ ಸೀಮೆಗೆ 1969ರಲ್ಲಿ ಬಂದ ಸ್ಪೇನಿನ ವಿನ್ಸೆಂಟ್ ಫೆರರ್ ಅವರು ಮುಂದೆ ಯೇಸುಸಭೆಯನ್ನು ಬಿಟ್ಟರೂ ಈ ಜನರನ್ನು ಬಿಡಲಿಲ್ಲ. 2009ರಲ್ಲಿ ಅನಂತಪುರದಲ್ಲೇ ತೀರಿಕೊಂಡರು. ಅವರ ಸಂಸ್ಥೆ ಕಲ್ಯಾಣದುರ್ಗದಲ್ಲಿ ಕಟ್ಟಿಸಿದ ಆಸ್ಪತ್ರೆಯನ್ನು ಊರಿನವರು ಅಭಿಮಾನದಿಂದ ತೋರಿಸುತ್ತಾರೆ.

ಗೆಳೆಯರ ತಾಯಿಗೆ ಪರಮ ಪ್ರಸಾದ ಕೊಟ್ಟು ಹತ್ತಿರ ಕುಳಿತೆ. ಲೇಪಾಕ್ಷಿಯ ಮಾತು ಬಂತು. ಅವರ ತವರೂರಿನ ಕೊಪೇಲು ಹುಲ್ಲಿನ ಸೂರಿನದಂತೆ. ಕ್ರಿಸ್ಮಸ್ಸಿಗೆ ಹೆಂಗಸರೆಲ್ಲ ಸೇರಿ ಗೋಡೆ ಸಾರಿಸಿ, ಸುಣ್ಣ ಕೆಮ್ಮಣ್ಣಿನಿಂದ ನಕ್ಷತ್ರ, ಕುರಿ, ಗೋದಲಿ ಬರೆಯುತ್ತಿದ್ದರಂತೆ. "ಅವೆಲ್ಲ ಹೋಯಿತಲ್ಲ ಅಮ್ಮಾ" ಎಂದೆ. "ಹೋಗದೇ ಇರ್ತವಾ ಸ್ವಾಮಿ? ಪ್ರತಿ ವರ್ಷ ನಾವೇ ಅಳಿಸ್ತಿದ್ವಿ. ಮತ್ತೆ ಬರೆಯೋರು ನಾವೇ ಇದ್ವಲ್ಲ" ಎಂದರು. ಆಮೇಲೆ, "ಈಗ ನಿಮ್ಮ ಗುಡೀಲಿ ಬರೆಯೋರು ಯಾರಿದ್ದಾರೆ?" ಎಂದು ಕೇಳಿದರು. ರೊಮೇನಿಯಾದ ಗೆಳೆಯರ ಮುಂದೆ ಸುಮ್ಮನಾದ ಹಾಗೆಯೇ ಇಲ್ಲಿಯೂ ಸುಮ್ಮನಾದೆ.

ವಾಪಸು ಬರುವಾಗ ಗೌರಿಬಿದನೂರು ದಾಟುವವರೆಗೂ ಪೇಂಟರ್ ಮಾತಾಡಲಿಲ್ಲ. ಆಮೇಲೆ, "ಫಾದರ್, ಆ ಪೀಠದ ಗೋಡೆ ಬಿಟ್ಟು ಉಳಿದದ್ದಕ್ಕೆ ರೇಟು ಹಾಕಲಾ?" ಎಂದರು. ತಮ್ಮ ಕೂಲಿಯನ್ನು ತಾವೇ ಕಡಿಮೆ ಮಾಡಿಕೊಳ್ಳುತ್ತಿದ್ದರು. ಹಾಕಿ ಎಂದೆ. ಪಾಲನಾ ಸಮಿತಿಯ ಸಭೆ ಬರುವ ಭಾನುವಾರ ಎರಡನೇ ಪೂಜೆಯ ನಂತರ ಇದೆ. ನನ್ನ ಸಹಿಯನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ಚಾವಣಿಯ ಸೋರಿಕೆ ನಿಲ್ಲಿಸಲು ಎಷ್ಟಾಗುತ್ತದೆ ಎಂಬ ಅಂದಾಜನ್ನೂ ಬರೆದು ತರಲು ಪೇಂಟರಿಗೆ ಹೇಳಿದ್ದೇನೆ.