ಪರರ ಹೊಲದಲ್ಲಿ ನಮ್ಮ ಹುಡುಗ

ನಮ್ಮ ಮನೆಯ ಹುಡುಗನೊಬ್ಬನು ಆಸ್ಟ್ರೇಲಿಯಕ್ಕೆ ಹೋಗಿರುವನೆಂದು ಕೇಳಿದವರು, ಇಂಜಿನಿಯರನೋ ವೈದ್ಯನೋ ಎಂದು ವಿಚಾರಿಸುವರು. ಎರಡೂ ಅಲ್ಲ, ದ್ರಾಕ್ಷಿ ಕೊಯ್ಯಲು ಹೋದನು ಎಂದರೆ ನಮ್ಮ ಮುಖವನ್ನೊಮ್ಮೆ ನೋಡಿ ಮಾತು ಬದಲಿಸುವರು. ಅವರ ಮೇಲೆ ನಮಗೆ ಸಿಟ್ಟಿಲ್ಲ. ಆ ಸುದ್ದಿಗೆ ಮೊದಲು ಮುಖ ಸಣ್ಣದು ಮಾಡಿಕೊಂಡವರು ನಾವೇ.

ಕಾಗವಾಡದ ಸೀಮೆಯಲ್ಲಿ, ಕೃಷ್ಣೆಯ ನೀರುಣ್ಣುವ ಕೆಲವು ಎಕರೆ ಕಬ್ಬು ನಮ್ಮದು. ನಮ್ಮ ತಮ್ಮನ ಮಗನು ಚಿಕ್ಕೋಡಿಯಲ್ಲಿ ಪದವಿ ಮುಗಿಸಿ, ಎರಡು ವರುಷ ಸರಕಾರಿ ಪರೀಕ್ಷೆಗಳಿಗೆ ಕುಳಿತು, ಯಾವುದೂ ಕೈಗೂಡದೆ ಮನೆಯಲ್ಲಿದ್ದನು. 2024ನೆಯ ಅಕ್ಟೋಬರದಲ್ಲಿ ಒಂದು ದಿನ ಊಟಕ್ಕೆ ಕುಳಿತಾಗ, ತಾನು ಆಸ್ಟ್ರೇಲಿಯದ ಚೀಟಿಗೆ ಹೆಸರು ಕೊಟ್ಟಿರುವೆನೆಂದು ಮೆಲ್ಲನೆ ಹೇಳಿದನು. ಭಾರತಕ್ಕೂ ಆ ದೇಶಕ್ಕೂ ಆದ ವ್ಯಾಪಾರದ ಒಪ್ಪಂದವು 2022ನೆಯ ಡಿಸೆಂಬರ 29ರಿಂದ ಜಾರಿಗೆ ಬಂದಿತು. ಅದರೊಳಗಿನ ಒಂದು ಮಾತಿನಂತೆ, ಹದಿನೆಂಟರಿಂದ ಮೂವತ್ತು ವಯಸ್ಸಿನ ನಮ್ಮ ತರುಣ ತರುಣಿಯರು ಪ್ರತಿವರುಷ 1000 ಮಂದಿ ಅಲ್ಲಿಗೆ ಹೋಗಿ, ಒಂದು ವರುಷದವರೆಗೆ ದೇಶ ನೋಡುತ್ತ, ಖರ್ಚಿಗಾಗಿ ದುಡಿಯುತ್ತ ಇರಬಹುದು. ಇದಕ್ಕೆ ‘ವರ್ಕ್ ಆ್ಯಂಡ್ ಹಾಲಿಡೇ’ ವೀಸಾ ಎನ್ನುವರು. ಬ್ರಿಟನ್ನು, ಕೆನಡಾ, ಐರ್ಲಂಡುಗಳ ತರುಣರಿಗೆ ಆ ದೇಶವು ಇಂಥ ಬಾಗಿಲನ್ನು 1975ರಲ್ಲಿಯೇ ತೆರೆದಿತ್ತು. ನಮ್ಮವರ ಪಾಲಿಗೆ ತೆರೆದುದು ಅರ್ಧ ಶತಮಾನದ ಮೇಲೆ.

“ರಜೆಯೂ ಅಂತೀ, ದುಡಿಮಿಯೂ ಅಂತೀ. ಇದೆಂಥಾ ರಜಾನೋ ತಮ್ಮಾ?” ಎಂದು ನಮ್ಮ ತಾಯಿಯವರು ಕೇಳಿದರು. ನಮ್ಮ ಕಡೆ ರಜೆಯೆಂದರೆ ಕಾರಹುಣ್ಣಿಮೆ, ಇಲ್ಲವೇ ಚಿಂಚಲಿಯ ಮಾಯಕ್ಕನ ಜಾತ್ರೆ. ಅವನು ನಕ್ಕು, “ಆಯಿ, ಅಲ್ಲಿ ದುಡುದ್ರನ ತಿರಗಾಕ ರೊಕ್ಕ” ಎಂದನು.

ಸಾವಿರ ಹೆಸರುಗಳಲ್ಲಿ ಇವನದೂ ಬಂದಿತು. ಚೀಟಿಗೆ ತೆತ್ತುದು 25 ಡಾಲರು. ಆದರೆ ಬೊಕ್ಕಸದಲ್ಲಿ 5000 ಡಾಲರು, ಎಂದರೆ ಆಗಿನ ದರದಲ್ಲಿ ಎರಡೂಮುಕ್ಕಾಲು ಲಕ್ಷ ರೂಪಾಯಿಗಳಷ್ಟು, ತೋರಿಸಬೇಕಾಗಿತ್ತು. ವೀಸಾದ ಶುಲ್ಕ, ಇಂಗ್ಲಿಷಿನ ಪರೀಕ್ಷೆ, ವಿಮಾನದ ಖರ್ಚು ಬೇರೆ. ಹೆಸರು ಬಂದ ಮೇಲೂ, “ಇಷ್ಟು ಕೊಟ್ಟರೆ ವೀಸಾ ಖಂಡಿತ” ಎಂದು ಹೇಳಿಕೊಂಡು ಮಧ್ಯಸ್ಥನೊಬ್ಬನು ಮನೆಯವರೆಗೆ ಬಂದನು. ಹೆಸರನ್ನು ಆರಿಸುವುದು ಗಣಕಯಂತ್ರ. ವೀಸಾ ಕೊಡುವುದು ಆ ದೇಶದ ಸರಕಾರ. ನಡುವಿನವನ ಕೈಯಲ್ಲಿ ಏನೂ ಇಲ್ಲ. ಮಕ್ಕಳನ್ನು ಕಳಿಸಬೇಕೆಂದಿರುವ ವಾಚಕರು ಇದನ್ನು ನೆನಪಿನಲ್ಲಿಡಬೇಕು.

ಹಣಕ್ಕಿಂತ ದೊಡ್ಡ ತೊಡಕು ನಮ್ಮ ಮಾನದ್ದಾಗಿತ್ತು. ಅಲ್ಲಿ ಯಾವ ಕೆಲಸ ಮಾಡುವಿ ಎಂದು ಕೇಳಿದುದಕ್ಕೆ, ಹಣ್ಣು ಕೊಯ್ಯುವುದು, ತಾಟು ತೊಳೆಯುವುದು, ಸಿಕ್ಕಿದ್ದು, ಎಂದು ಅವನು ಉತ್ತರ ಕೊಟ್ಟನು. ಹತ್ತು ಆಳುಗಳನ್ನು ದುಡಿಸುವ ಮನೆಯ ಮಗನು ಪರರ ಹೊಲದಲ್ಲಿ ಆಳಾಗುವುದೇ? “ಜನರಿಗೆ ಏನು ಹೇಳುವುದು?” ಎಂದು ನಾವು ಕೂಗಾಡಿದೆವು. ಅವನು ಎದುರಾಡಲಿಲ್ಲ. 2025ನೆಯ ಭಾರತ ಹುಣ್ಣಿಮೆಗೆ ರಾಯಬಾಗದ ನೆಂಟರೊಡನೆ ಮಾಯಕ್ಕನ ದರ್ಶನ ಮಾಡಿಬಂದು, ಅಥಣಿಯ ಚಪ್ಪಲಿಗಳನ್ನು ತೊಳೆದು ಒಣಗಿಸಿದನು; ಪರದೇಶದ ಮಣ್ಣಿನ ಕಣವನ್ನೂ ಆ ದೇಶದವರು ಒಳಗೆ ಬಿಡುವುದಿಲ್ಲವಂತೆ. ನಿಪ್ಪಾಣಿಯ ಹೆದ್ದಾರಿಯಲ್ಲಿ ಅವನನ್ನು ಮುಂಬಯಿಯ ಬಸ್ಸಿಗೆ ಹತ್ತಿಸಿ, ಹಿಂದಿರುಗುವ ದಾರಿಯಲ್ಲಿ ನಾವಾರೂ ಮಾತನಾಡಲಿಲ್ಲ.

ಮೆಲ್ಬರ್ನಿನಲ್ಲಿ ಇಳಿದವನು ಅಲ್ಲಿಂದ ಐದುನೂರು ಕಿಲೋಮೀಟರಿಗೂ ದೂರದ ಮಿಲ್ಡುರಾ ಎಂಬ ಊರಿಗೆ ಹೋದನು. ಅದು ಮರ್ರೇ ಹೊಳೆಯ ದಂಡೆಯ ಒಣಸೀಮೆ. 1887ರಲ್ಲಿ ಚಾಫೀ ಎಂಬ ಸಹೋದರರು ಅಲ್ಲಿ ನೆಲೆಯೂರಿ, ಹೊಳೆಯ ನೀರನ್ನು ಯಂತ್ರದಿಂದ ಎತ್ತಿ ಬೇಸಾಯ ಹೂಡಿದರಂತೆ. ಅಲ್ಲಿ ಸುಲ್ತಾನಾ ಎನ್ನುವ ದ್ರಾಕ್ಷಿಯೂ ಅಥಣಿಯ ತೋಟಗಳಲ್ಲಿ ಥಾಂಪ್ಸನ್ ಎನ್ನುವ ಬೀಜವಿಲ್ಲದ ದ್ರಾಕ್ಷಿಯೂ ಒಂದೇ ಜಾತಿ. “ದೊಡ್ಡಪ್ಪಾ, ಬಳ್ಳಿ ನಮ್ಮದಽ ಐತಿ, ಬಿಸಲೂ ನಮ್ಮದಽ ಐತಿ. ಬೆನ್ನ ಅಷ್ಟಽ ಹೊಸಾದು” ಎಂದು ಮೊದಲ ವಾರದ ಫೋನಿನಲ್ಲಿ ಹೇಳಿದನು.

ಮೊದಲು ಅವನನ್ನು ಕರೆದೊಯ್ದ ಗುತ್ತಿಗೆದಾರನು ಕೋಣೆಯ ಬಾಡಿಗೆ, ಗಾಡಿಯ ಬಾಡಿಗೆಯೆಂದು ಕೂಲಿಯಲ್ಲಿ ಬಹುಭಾಗವನ್ನು ಮುರಿದುಕೊಂಡನು. ಪರದೇಶದಲ್ಲಿಯೂ ಮುಕಾದಮರಿರುವರೆಂದು ನಮಗೆ ತಿಳಿದುದು ಆಗ. ಹುಡುಗನು ಕೆಲಸದ ಕಾಯಿದೆಯನ್ನು ಓದಿ ತಿಳಿದುಕೊಂಡು, ಆ ಮನುಷ್ಯನನ್ನು ಬಿಟ್ಟು, ತೋಟದವರ ಬಳಿಯಲ್ಲೇ ನೇರವಾಗಿ ಕೆಲಸ ಹಿಡಿದನು. ಆಗ ಆ ದೇಶದ ಕನಿಷ್ಠ ಕೂಲಿ ಗಂಟೆಗೆ 24 ಡಾಲರು 10 ಸೆಂಟು. ಹಂಗಾಮಿನ ಆಳಿಗೆ ರಜೆಯ ಸಂಬಳವಿಲ್ಲದ ಕಾರಣ ನೂರಕ್ಕೆ ಇಪ್ಪತ್ತೈದು ಹೆಚ್ಚು ಕೊಡಬೇಕು. ಬುಟ್ಟಿಯ ಎಣಿಕೆಯಿಂದ ಕೂಲಿ ಕೊಡುವ ತೋಟಗಳಲ್ಲಿಯೂ, 2022ನೆಯ ಏಪ್ರಿಲ ಕೊನೆಯಿಂದ, ಗಂಟೆಯ ಕನಿಷ್ಠ ಕೂಲಿಗಿಂತ ಕಡಿಮೆ ಬೀಳಕೂಡದೆಂದು ನಿಯಮವಾಗಿದೆ. ಕೂಲಿ ಕೊಟ್ಟ ಮರುದಿನದೊಳಗೆ ಲೆಕ್ಕದ ಚೀಟಿ ಆಳಿನ ಕೈಸೇರಬೇಕು. ಇಂಥ ವೀಸಾದವರು ಮೊದಲ ಡಾಲರಿನಿಂದಲೇ ನೂರಕ್ಕೆ ಹದಿನೈದರಂತೆ ತೆರಿಗೆ ತೆರುವರು. ಅದೂ ಆ ಚೀಟಿಯಲ್ಲಿರುವುದು. ಚೀಟಿಯ ಚಿತ್ರವನ್ನು ಅವನು ನಮಗೆ ಕಳಿಸಿದನು. ಮೇಲ್ಗಡೆ ಅವನ ಹೆಸರು ಪೂರ್ತಿಯಾಗಿ ಅಚ್ಚಾಗಿತ್ತು.

ಆ ಚೀಟಿ ಬಂದ ವಾರವೇ ಅವನು ಫೋನಿನಲ್ಲಿ ಕೇಳಿದನು: “ದೊಡ್ಡಪ್ಪಾ, ನಮ್ಮ ಕಬ್ಬ ಕಡ್ಯಾಕ ಬರೂ ಹೆಣ್ಣಮಕ್ಕಳ ಪಗಾರ ಯಾರ ಕೈಯಾಗ ಕೊಡತಾರ?”

ನಮಗೆ ಉತ್ತರ ಹೊಳೆಯಲಿಲ್ಲ. ಪ್ರತಿ ಹಂಗಾಮಿನಲ್ಲಿ ಬೀಡದ ಕಡೆಯಿಂದ ಗ್ಯಾಂಗು ಬರುವುದು. ಮುಕಾದಮನು ಅವರ ಊರಲ್ಲಿಯೇ ಮುಂಗಡ ಕೊಟ್ಟು ಕರೆತರುವನು. ಗಂಡಹೆಂಡಿರಿಬ್ಬರನ್ನೂ ಕೂಡಿಸಿ ಒಂದು ಕೋಯ್ತಾ ಎಂದು ಎಣಿಸುವರು; ಲೆಕ್ಕವೆಲ್ಲ ಗಂಡಸಿನ ಹೆಸರಿಗೆ. ಹೊಲದ ಮಗ್ಗುಲಲ್ಲಿ ಗುಡಿಸಲು, ಕತ್ತಲೆಯಿರುವಾಗಲೇ ಕಡಿತ. ಖುಷಾಲಿ ಕೊಟ್ಟುಬಿಟ್ಟರೆ ನಮ್ಮ ಋಣ ತೀರಿತೆಂದು ನಾವು ನಂಬಿದ್ದೆವು. ನಮ್ಮ ತಾಯಿಯವರು ಬಹಳ ಹೊತ್ತು ಸುಮ್ಮನಿದ್ದು, “ಹತ್ತ ವರ್ಷ ಆ ಹುಡುಗಿಗೆ ಕುಡಿಯಾಕ ನೀರ ಕೊಟ್ಟೀನಿ, ಹೆಸರ ಕೇಳಿಲ್ಲ” ಎಂದರು.

2025ನೆಯ ನವೆಂಬರದಲ್ಲಿ ಗುರ್ಲಾಪುರದ ಕ್ರಾಸಿನಲ್ಲಿ ನಮ್ಮ ಜಿಲ್ಲೆಯ ರೈತರು ಟನ್ನು ಕಬ್ಬಿಗೆ 3500 ರೂಪಾಯಿ ಬೇಕೆಂದು ಕುಳಿತರು. ಸರಕಾರವು 3300 ರೂಪಾಯಿ ಎಂದು ಗೊತ್ತುಮಾಡಿತು. ನಾವೂ ಅಲ್ಲಿಗೆ ಹೋಗಿದ್ದೆವು. ನಮ್ಮ ಬೆವರಿಗೆ ಬೆಲೆ ಕೇಳಿ ಕೂಗುವಾಗ, ಆ ಕಬ್ಬನ್ನು ಕಡಿಯುವ ಕೈಗಳ ನೆನಪು ಬಿಡದೆ ಬರುತ್ತಿತ್ತು.

ಆ ಹಂಗಾಮಿಗೆ ನಾವು ಮಾಡಿದುದು ಬಹಳ ಅಲ್ಪ. ಮನೆಯ ಹಿತ್ತಲಿನ ಬಚ್ಚಲನ್ನೂ ಶೌಚಗೃಹವನ್ನೂ ಗ್ಯಾಂಗಿನ ಹೆಂಗಸರಿಗೆ ತೆರೆದೆವು. ಒಂದು ವಹಿ ಮಾಡಿ, ದಿನಕ್ಕೆ ಎಷ್ಟು ಗಾಡಿ ತುಂಬಿತೆಂದು ಬರೆದು, ಗಂಡನ ಹೆಸರೊಂದು ಸಾಲು, ಹೆಂಡತಿಯ ಹೆಸರೊಂದು ಸಾಲು ಹಾಕಿದೆವು. ಖುಷಾಲಿಯನ್ನು ಎರಡು ಪಾಲು ಮಾಡಿ ಬೇರೆ ಬೇರೆ ಕೈಯಲ್ಲಿ ಕೊಟ್ಟೆವು. ಮುಕಾದಮನಿಗೆ ಇದು ಹಿಡಿಸಲಿಲ್ಲ. ಕೂಲಿಯ ದರವು ಕಾರಖಾನೆಗೂ ಅವನಿಗೂ ಬಿಟ್ಟದ್ದು. ಅದು ನಮ್ಮ ಕೈಯೊಳಗಿಲ್ಲ. ನಮ್ಮ ವಹಿಯಿಂದ ಆ ಮುಂಗಡದ ಸಾಲವೂ ತೀರದು. ಆದರೂ ಹತ್ತು ವರುಷ ನಮ್ಮ ಹೊಲದಲ್ಲಿ ಬಾಗಿದವಳ ಹೆಸರು ಈಗ ನಮ್ಮ ತಾಯಿಯವರಿಗೆ ಗೊತ್ತು.

ಗೊತ್ತುಪಡಿಸಿದ ಗ್ರಾಮಸೀಮೆಗಳಲ್ಲಿ ಮೂರು ತಿಂಗಳು ಇಂಥ ಕೆಲಸ ಮಾಡಿದವರು ಎರಡನೆಯ ವರುಷಕ್ಕೂ ವೀಸಾ ಬೇಡಬಹುದು. ಹುಡುಗನು ಉಳಿಯುವನೋ ಮರಳುವನೋ, ಅದನ್ನು ಅವನೇ ನಿರ್ಧರಿಸಲೆಂದು ಬಿಟ್ಟಿರುವೆವು. ಜನರು ಕೇಳಿದರೆ ಮಾತ್ರ ಈಗ ನಾವು ಮಾತು ಬದಲಿಸುವುದಿಲ್ಲ: ನಮ್ಮ ಹುಡುಗನು ಪರರ ತೋಟದಲ್ಲಿ ದ್ರಾಕ್ಷಿ ಕೊಯ್ದನು, ಕೂಲಿಯ ಲೆಕ್ಕವನ್ನು ಕೇಳಿ ಪಡೆದನು ಎಂದು ಹೇಳುವೆವು.