ಹುಳಕ್ಕೆ ಸರ್ವರ್ ಡೌನ್ ಅಂತ ಹೇಳೋಕಾಗುತ್ತಾ?

ನಮ್ಮ ದಿಬ್ಬೂರಹಳ್ಳಿ ಕಡೆ ಯಾರಿಗಾದರೂ ಫೋನ್ ಮಾಡಿ "ಹೇಗಿದ್ದೀರಾ?" ಅಂತ ಕೇಳಿದರೆ, "ಮೂರನೇ ಜ್ವರ" ಅನ್ನುವ ಉತ್ತರ ಬರಬಹುದು. ಗಾಬರಿ ಬೀಳಬೇಡಿ. ಜ್ವರ ಬಂದಿರುವುದು ಮನೆಯವರಿಗಲ್ಲ, ರೇಷ್ಮೆ ಹುಳಕ್ಕೆ. ಅದೂ ಕಾಯಿಲೆಯಲ್ಲ, ಹುಳು ಮೇವು ಬಿಟ್ಟು ತಲೆ ಎತ್ತಿ ಕೂತು ಪೊರೆ ಕಳಚುವ ಹೊತ್ತು. ನಾಲ್ಕು ಜ್ವರ ಕಳೆದರೆ ಹುಳು ಹಣ್ಣಾಗುತ್ತದೆ, ಚಂದ್ರಿಕೆಗೆ ಬಿಡುತ್ತಾರೆ, ಗೂಡು ಕಟ್ಟುತ್ತದೆ. ಮೊಟ್ಟೆ ಒಡೆದಲ್ಲಿಂದ ಹಣ್ಣಾಗುವ ತನಕ ಇಪ್ಪತ್ತೈದು ದಿನ ಆಸುಪಾಸು. ಆ ದಿನಗಳಲ್ಲಿ ಮದುವೆ, ಜಾತ್ರೆ, ಆಸ್ಪತ್ರೆ ಎಲ್ಲವೂ ಹುಳುವಿನ ಅನುಕೂಲ ನೋಡಿಕೊಂಡೇ ನಡೆಯಬೇಕು.

ನನ್ನ ಕೆಲಸ ಬೆಂಗಳೂರಿನ ಒಂದು ಕಂಪನಿಯಲ್ಲಿ. ವಿಸಿಟಿಂಗ್ ಕಾರ್ಡಿನಲ್ಲಿ 'ಐಟಿ ಸ್ಟ್ರಾಟೆಜಿ ಅಂಡ್ ರಿಸ್ಕ್' ಅಂತಿದೆ. ಚಿಕ್ಕಮ್ಮ ಒಂದು ಸಲ "ಹಂಗಂದ್ರೆ ಏನ್ ಮಾಡ್ತೀಯಪ್ಪಾ?" ಅಂತ ಕೇಳಿದರು. "ಕಂಪ್ಯೂಟರ್ ಕೆಟ್ಟರೆ ಏನು ಮಾಡಬೇಕು ಅಂತ ಮೊದಲೇ ಯೋಚನೆ ಮಾಡಿ ಬರೆದಿಡ್ತೀನಿ" ಅಂದೆ. "ಅದಕ್ಕೂ ಸಂಬಳ ಕೊಡ್ತಾರಾ?" ಅಂದರು. ಅವರ ಅನುಮಾನ ನ್ಯಾಯವಾದದ್ದೇ. ಮೂವತ್ತು ವರ್ಷದಿಂದ ಆ ಕೆಲಸವನ್ನು ಅವರು ಸಂಬಳವಿಲ್ಲದೆ ಮಾಡಿಕೊಂಡು ಬಂದಿದ್ದಾರೆ.

ನಮ್ಮ ವೃತ್ತಿಯಲ್ಲಿ ಒಂದು ಪ್ರಶ್ನೆ ಇದೆ. ಒಂದು ವ್ಯವಸ್ಥೆ ನಿಂತುಹೋದರೆ ಎಷ್ಟು ಹೊತ್ತಿನೊಳಗೆ ಅದು ಮತ್ತೆ ಏಳಬೇಕು? ಹಲವು ಕಡೆ ಇದಕ್ಕೆ ಉತ್ತರ ಬರೆಯುವವರು ಐಟಿಯವರು. ತಮ್ಮ ಕೈಲಿ ಎಷ್ಟಾಗುತ್ತದೋ ಅಷ್ಟು ಗಂಟೆ ಬರೆದು ಕಳಿಸುತ್ತಾರೆ. ಆದರೆ ಉತ್ತರ ಬರಬೇಕಾದದ್ದು ವ್ಯವಹಾರದ ಕಡೆಯಿಂದ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಒಂದು ಬೆಳಿಗ್ಗೆ ಹೋಗಿ ನಿಂತರೆ ಇದು ಪಾಠವಿಲ್ಲದೆ ಅರ್ಥವಾಗುತ್ತದೆ.

ಗೂಡು ಜೀವಂತ ಸರಕು. ಒಳಗೆ ಕೋಶ ಉಸಿರಾಡುತ್ತಿರುತ್ತದೆ, ದಿನದಿಂದ ದಿನಕ್ಕೆ ತೂಕ ಇಳಿಯುತ್ತದೆ. ಹುಳು ಗೂಡು ಕಟ್ಟಲು ಶುರು ಮಾಡಿದ ಹತ್ತು ಹನ್ನೆರಡು ದಿನಕ್ಕೆ ಚಿಟ್ಟೆ ಗೂಡು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ತೂತಾದ ಗೂಡಿನಿಂದ ಉದ್ದ ನೂಲು ತೆಗೆಯಲು ಬರುವುದಿಲ್ಲ. ಅಷ್ಟರೊಳಗೆ ರೈತ ಬಿಡಿಸಿ, ಮಾರಿ, ರೀಲರ್ ಕೊಂಡು, ಬಿಸಿಗೆ ಕೊಟ್ಟು ಒಳಗಿನ ಕೋಶ ಸಾಯಿಸಿರಬೇಕು. ಬಿಡಿಸುವುದಕ್ಕೇ ಐದಾರು ದಿನ ಕಾಯಬೇಕು. ಮಿಕ್ಕಿದ್ದು ಬೆರಳೆಣಿಕೆಯ ದಿನ.

ಈಗ ಸರ್ಕಾರಿ ಗೂಡಿನ ಮಾರುಕಟ್ಟೆಗಳಲ್ಲಿ ಇ-ಹರಾಜು. ತೂಕ ಎಲೆಕ್ಟ್ರಾನಿಕ್, ರೀಲರ್‌ಗಳು ಮೊಬೈಲಿನಲ್ಲೇ ಬಿಡ್ ಹಾಕುತ್ತಾರೆ. ಹಿಂದೆ ಕೂಗಿ ಹರಾಜು ನಡೆಯುತ್ತಿದ್ದ ಕಾಲದಲ್ಲಿ ಯಾರು ಯಾರ ಮುಖ ನೋಡಿ ಬೆಲೆ ನಿಲ್ಲಿಸಿದರು ಅಂತ ರೈತನಿಗೆ ತಿಳಿಯುತ್ತಿರಲಿಲ್ಲ. ಈಗ ಯಾರು ಎಷ್ಟು ಹಾಕಿದರು ಅನ್ನುವುದು ಯಾರದೋ ಮುಖಭಾವದಲ್ಲಿ ಅಡಗಿರುವುದಿಲ್ಲ. ಇದು ಒಳ್ಳೆಯದೇ, ಅನುಮಾನವಿಲ್ಲ. ಆದರೆ ನೆಟ್‌ವರ್ಕ್ ಕೈಕೊಟ್ಟರೆ? ಬ್ಯಾಂಕು "ನಾಳೆ ಬನ್ನಿ" ಅನ್ನಬಹುದು. ಗೂಡಿನೊಳಗಿನ ಚಿಟ್ಟೆಗೆ ಆ ಮಾತು ಹೇಳುವವರು ಯಾರು? ಹಾಗಾಗಿ ಇಲ್ಲಿ ಗಡುವು ಹಾಕುವುದು ಸರ್ವರ್ ರೂಮಿನಲ್ಲಿ ಕೂತ ಎಂಜಿನಿಯರ್ ಅಲ್ಲ, ಹುಳು.

ನಮ್ಮ ರಾಜ್ಯದಲ್ಲಿ ತಂತ್ರಜ್ಞಾನದ ನಿಜವಾದ ಸ್ಟ್ರಾಟೆಜಿ ಯಾವುದು ಅಂತ ಯಾರಾದರೂ ಕೇಳಿದರೆ ನಾನು 'ಭೂಮಿ'ಯ ಉದಾಹರಣೆ ಕೊಡುತ್ತೇನೆ. 2001ರ ಹೊತ್ತಿಗೆ ಕರ್ನಾಟಕದ ಸುಮಾರು 67 ಲಕ್ಷ ರೈತರ ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. ಆಗ ತಾಲ್ಲೂಕು ಕಚೇರಿಯ ಕಿಯೋಸ್ಕಿನಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಸಿಗುತ್ತಿತ್ತು. ಅದಕ್ಕೆ ಮುಂಚೆ ಅವೆಲ್ಲ ಸುಮಾರು ಒಂಬತ್ತು ಸಾವಿರ ಗ್ರಾಮ ಲೆಕ್ಕಿಗರ ಕೈಲಿದ್ದ ಪುಸ್ತಕಗಳು. ಜನ ಮೆಚ್ಚಿದ್ದು ಕಂಪ್ಯೂಟರನ್ನು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅದರ ಜೊತೆ ಮಾಡಿದ ಬೇರೆ ಮೂರು ಕೆಲಸ. ಒಂದು, ಕಂಪ್ಯೂಟರ್ ಪಹಣಿ ಬಂದ ತಾಲ್ಲೂಕಿನಲ್ಲಿ ಕೈಬರಹದ ಪಹಣಿ ನಡೆಯುವುದಿಲ್ಲ ಅಂದದ್ದು. ಎರಡು, ಖಾತೆ ಬದಲಾವಣೆಯ ಅರ್ಜಿ ಬಂದ ಸರದಿಯಲ್ಲೇ ವಿಲೇವಾರಿ ಆಗಬೇಕು, ಹಿಂದಿನದನ್ನು ಮುಂದೆ ಹಾಕುವಂತಿಲ್ಲ ಅಂತ ಸಾಫ್ಟ್‌ವೇರಿನಲ್ಲೇ ಕಟ್ಟಿಹಾಕಿದ್ದು. ಮೂರು, ಅಧಿಕಾರಿಗಳು ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು, ನಾಳೆ "ನಾನಲ್ಲ" ಅನ್ನುವಂತಿಲ್ಲ ಅಂತ ಮಾಡಿದ್ದು. ಈ ಮೂರೂ ಇಲ್ಲದಿದ್ದರೆ ಹಳೇ ಕಚೇರಿಗೆ ಹೊಸ ಟೈಪ್‌ರೈಟರ್ ತಂದಂತೆ ಆಗುತ್ತಿತ್ತು.

ಅದೇ ತೀರ್ಮಾನದ ಇನ್ನೊಂದು ಮಗ್ಗುಲೂ ಇದೆ. ಕೈಬರಹ ನಡೆಯುವುದಿಲ್ಲ ಅಂದ ಗಳಿಗೆಯಿಂದ ಕಂಪ್ಯೂಟರ್ ನಿಲ್ಲುವಂತಿಲ್ಲ. ಹಿಂತಿರುಗುವ ದಾರಿ ಮುಚ್ಚಿದರೆ ಮುಂದಿನ ದಾರಿಯನ್ನು ದಿನವೂ ಗುಡಿಸಿಡಬೇಕು. ಗುಡಿಸುವ ಆ ಕೆಲಸಕ್ಕೆ ಹಣ ಕೇಳಿದಾಗಲೇ ಆಡಳಿತ ಮಂಡಳಿಗಳು ಗಡಿಯಾರ ನೋಡಿಕೊಳ್ಳುವುದು.

2024ರ ಜುಲೈ 19 ನೆನಪಿರಬಹುದು. ಕ್ರೌಡ್‌ಸ್ಟ್ರೈಕ್ ಅನ್ನುವ ಭದ್ರತಾ ಕಂಪನಿ ಕಳಿಸಿದ ಒಂದು ತಪ್ಪು ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ಕೂತವು. ನಮ್ಮೂರಿಗೆ ಹತ್ತಿರದ ದೇವನಹಳ್ಳಿ ಏರ್‌ಪೋರ್ಟಿನಲ್ಲೂ ಸಾಲು ಬೆಳೆಯಿತು. ದೇಶದ ಕೆಲವು ಕಡೆ ಬೋರ್ಡಿಂಗ್ ಪಾಸನ್ನು ಕೈಯಲ್ಲೇ ಬರೆದುಕೊಟ್ಟರು. ಕಳ್ಳರು ಬಂದು ಮಾಡಿದ ಕೆಲಸವಲ್ಲ ಅದು, ಕಾವಲಿಗಿಟ್ಟವರಿಂದಲೇ ಆದದ್ದು. ಅಪ್‌ಡೇಟನ್ನು ಸ್ವಲ್ಪ ಜನಕ್ಕೆ ಕೊಟ್ಟು ನೋಡಿ ಆಮೇಲೆ ಉಳಿದವರಿಗೆ ಕೊಡುವ ಬದಲು ಒಟ್ಟಿಗೆ ಎಲ್ಲರಿಗೂ ಕಳಿಸಿದ್ದು ಅನಾಹುತವನ್ನು ದೊಡ್ಡದು ಮಾಡಿತು. ಇನ್ನು ಮುಂದೆ ಹಂತಹಂತವಾಗಿ ಕಳಿಸುತ್ತೇವೆ ಅಂತ ಆ ಕಂಪನಿ ಆಮೇಲೆ ಹೇಳಿತು.

ರೇಷ್ಮೆಯವರು ಈ ಪಾಠ ಕಲಿತು ನೂರೈವತ್ತು ವರ್ಷ ದಾಟಿದೆ. 1865ರಲ್ಲಿ ಲೂಯಿ ಪಾಶ್ಚರ್ ದಕ್ಷಿಣ ಫ್ರಾನ್ಸಿಗೆ ಹೋದದ್ದು ಹುಳುಗಳ ಕಾಯಿಲೆ ನೋಡಲು. ನಾವು ಗಂಟುರೋಗ ಅನ್ನುವ ಪೆಬ್ರಿನ್, ತಾಯಿ ಚಿಟ್ಟೆಯಿಂದ ಮೊಟ್ಟೆಗೇ ದಾಟುತ್ತದೆ. ಅವರು ಕಂಡುಕೊಂಡ ಉಪಾಯ ಬಹಳ ಸರಳ. ಮೊಟ್ಟೆ ಇಟ್ಟ ಮೇಲೆ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗಾಣು ಕಂಡರೆ ಅದರ ಮೊಟ್ಟೆಯನ್ನೆಲ್ಲ ನಾಶ ಮಾಡಿ. ಇವತ್ತಿಗೂ ನಮ್ಮ ಬಿತ್ತನೆ ಕೋಠಿಗಳಲ್ಲಿ ತಾಯಿ ಚಿಟ್ಟೆಯ ಪರೀಕ್ಷೆ ನಡೆಯುತ್ತದೆ. ರೈತನ ಮನೆ ಸೇರಿದ ಮೇಲೆ ಹುಡುಕಿ ಪ್ರಯೋಜನವಿಲ್ಲ, ಹೊರಡುವ ಜಾಗದಲ್ಲೇ ನೋಡಬೇಕು ಅನ್ನುವುದು ಇದರ ಹಿಂದಿನ ಲೆಕ್ಕ.

ಹಾಗಂತ ರೇಷ್ಮೆಯವರು ಎಲ್ಲವನ್ನೂ ತಡೆದವರಲ್ಲ. 1980ರಲ್ಲಿ ಪಶ್ಚಿಮ ಬಂಗಾಳದಿಂದ ಬಂದ ಗೂಡುಗಳ ಜೊತೆ ಊಜಿ ನೊಣ ಕರ್ನಾಟಕಕ್ಕೆ ಕಾಲಿಟ್ಟಿತು. ಅದು ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ, ಮರಿ ಹುಳುವನ್ನು ಒಳಗಿನಿಂದ ತಿನ್ನುತ್ತದೆ. ಇವತ್ತು ನಮ್ಮ ಕಡೆ ನೈಲಾನ್ ಪರದೆ ಇಲ್ಲದ ಹುಳು ಮನೆ ಸಿಗುವುದು ಅಪರೂಪ. ನಮ್ಮ ವೃತ್ತಿಯಲ್ಲಿ ಇದಕ್ಕೆ 'ಥರ್ಡ್ ಪಾರ್ಟಿ ರಿಸ್ಕ್' ಅಂತಾರೆ. ನಿಮ್ಮ ಮನೆ ಎಷ್ಟೇ ಚೊಕ್ಕಟವಾಗಿದ್ದರೂ, ಸರಕು ತಂದವನ ಮೂಟೆಯಲ್ಲಿ ಏನಿದೆ ಅಂತ ನೋಡದೆ ಒಳಗೆ ಬಿಟ್ಟರೆ ಅಪಾಯ ಅವನ ಜೊತೆಗೇ ಬಂದು ಕೂರುತ್ತದೆ.

ಇದೆಲ್ಲ ಪುಸ್ತಕದ ಮಾತಾಗಿ ಉಳಿಯದ ಹಾಗೆ ಮಾಡಿದ್ದು ಒಂದು ಏಪ್ರಿಲ್. ಚಿಕ್ಕಮ್ಮನ ಮಗ, ನನ್ನ ತಮ್ಮ, ಹುಳು ಮನೆಗೆ ಒಂದು 'ಸ್ಮಾರ್ಟ್' ಪೆಟ್ಟಿಗೆ ಹಾಕಿಸಿದ್ದ. ಕಂಪನಿಯ ಹೆಸರು ಬೇಡ. ಬಿಸಿ, ತೇವ ಎಲ್ಲ ಅಳೆದು, ಫೋನಿಗೆ ತೋರಿಸಿ, ತಾನೇ ಫ್ಯಾನು ಮತ್ತು ಫಾಗರ್ ಹಾಕುವ ಪೆಟ್ಟಿಗೆ. ಬೆಳೆದ ಹುಳಕ್ಕೆ 24-25 ಡಿಗ್ರಿ ಬಿಸಿ, ನೂರಕ್ಕೆ ಎಪ್ಪತ್ತು ತೇವ ಇದ್ದರೆ ಚೆಂದ. ನಮ್ಮ ಕಡೆ ಏಪ್ರಿಲ್ ಮಧ್ಯಾಹ್ನ ಅದು ಸುಮ್ಮನೆ ಸಿಗುವಂಥದ್ದಲ್ಲ. ಹಾಗಾಗಿ ಪೆಟ್ಟಿಗೆ ತಂದದ್ದು ಸರಿಯೇ. ಹಾಕಲು ಬಂದ ಹುಡುಗ ಹಳೇ ಸ್ವಿಚ್ ಬೋರ್ಡು ಬಿಚ್ಚಲು ಹೋದಾಗ ಚಿಕ್ಕಮ್ಮ ಅಡ್ಡ ನಿಂತರು.

"ಅದು ಬೇಕಾಗಲ್ಲಮ್ಮ, ಎಲ್ಲಾ ಆಟೋಮ್ಯಾಟಿಕ್."

"ಇರ್ಲಿ ಬಿಡಪ್ಪ, ಅದೇನು ಅನ್ನ ಕೇಳುತ್ತಾ?"

ಆ ಬೆಳೆ ಇನ್ನೂರು ಮೊಟ್ಟೆ. ಅಂದರೆ ತೊಂಬತ್ತು ಸಾವಿರ ಹುಳು ಅನ್ನಿ. ನಾಲ್ಕನೇ ಜ್ವರ ಎದ್ದು ಮೂರು ದಿನ, ಹಗಲು ರಾತ್ರಿ ಸೊಪ್ಪು ತಿನ್ನುವ ಹೊತ್ತು. ಆ ಗೂಡಿನ ದುಡ್ಡಿನಲ್ಲಿ ಸೊಸೈಟಿ ಸಾಲದ ಕಂತು, ತಮ್ಮನ ಮಗಳ ಕಾಲೇಜು ಫೀಸು ಎರಡೂ ಹೋಗಬೇಕಿತ್ತು. ತಮ್ಮ ಶಿಡ್ಲಘಟ್ಟಕ್ಕೆ ಹೋಗಿದ್ದ. ಮಧ್ಯಾಹ್ನ ಒಂದೂವರೆ ಹೊತ್ತಿಗೆ ಚಿಕ್ಕಮ್ಮನಿಗೆ ಫ್ಯಾನಿನ ಸದ್ದು ಇಲ್ಲ ಅನ್ನುವುದು ಗಮನಕ್ಕೆ ಬಂತು. ಕರೆಂಟ್ ಇದೆ, ಪೆಟ್ಟಿಗೆಯ ದೀಪವೂ ಹಸಿರಾಗಿದೆ. ತಮ್ಮನ ಫೋನಿನಲ್ಲಿ ಬೆಳಿಗ್ಗೆಯ ಲೆಕ್ಕವೇ ನಿಂತಿದೆ, 26 ಡಿಗ್ರಿ. ಗೋಡೆಯ ಮೇಲಿನ ಹಳೇ ಥರ್ಮಾಮೀಟರ್ ತೋರಿಸುತ್ತಿದ್ದದ್ದು 36.

ಆಗಿದ್ದು ಇಷ್ಟು: ಫ್ಯಾನು ಹಾಕು ಅನ್ನುವ ಆಜ್ಞೆ ಬರಬೇಕಾದದ್ದು ಹುಳು ಮನೆಯಿಂದಲ್ಲ, ಎಲ್ಲೋ ದೂರದಲ್ಲಿದ್ದ ಕಂಪನಿಯ ಸರ್ವರಿನಿಂದ. ಅವರು ಆವತ್ತು ಏನೋ ಬದಲಾವಣೆ ಮಾಡುತ್ತಿದ್ದರು. ಆಜ್ಞೆ ಬರಲಿಲ್ಲ, ಪೆಟ್ಟಿಗೆ ಕಾಯುತ್ತಾ ಕೂತಿತು.

ಚಿಕ್ಕಮ್ಮ ಯಾರಿಗೂ ಫೋನ್ ಮಾಡಲಿಲ್ಲ. ಹಳೇ ಬೋರ್ಡಿನಿಂದ ಫ್ಯಾನು ಹಾಕಿದರು. ಗೋಣಿಚೀಲ ನೆನೆಸಿ ಕಿಟಕಿಗೆ ಕಟ್ಟಿದರು, ಪಕ್ಕದ ಮನೆಯವರನ್ನು ಕೂಗಿ ಶೀಟಿನ ಮೇಲೆ ಹಾಸಿದ್ದ ತೆಂಗಿನ ಗರಿಗೆ ನೀರು ಹೊಡೆಸಿದರು. ತಮ್ಮ ಬರುವ ಹೊತ್ತಿಗೆ ಗೋಡೆಯ ಲೆಕ್ಕ 29ಕ್ಕೆ ಇಳಿದಿತ್ತು. ಪಡುವಣ ಗೋಡೆ ಪಕ್ಕದ ಒಂದು ಸ್ಟ್ಯಾಂಡಿನ ಹುಳು ಸಪ್ಪೆ ರೋಗಕ್ಕೆ ಹೋಯಿತು, ಉಳಿದದ್ದು ಗೂಡಾಯಿತು. ಕಂತು ಕಟ್ಟಿದರು, ಫೀಸೂ ಕಟ್ಟಿದರು. ಕೈಯಲ್ಲಿ ಹೆಚ್ಚೇನೂ ಉಳಿಯಲಿಲ್ಲ.

ಆ ಭಾನುವಾರ ನಾನು, ತಮ್ಮ ಕೂತು ಒಂದು ನೋಟ್‌ಬುಕ್ಕಿನ ಹಾಳೆ ಬರೆದೆವು. ಪೆಟ್ಟಿಗೆ ಕೆಟ್ಟರೆ ಯಾವ ಸ್ವಿಚ್, ಕರೆಂಟ್ ಹೋದರೆ ಏನು, ಯಾರು ಮನೆಯಲ್ಲಿರಬೇಕು, ಎಷ್ಟು ಹೊತ್ತಿಗೊಮ್ಮೆ ಗೋಡೆಯ ಥರ್ಮಾಮೀಟರ್ ನೋಡಬೇಕು. ಪೆಟ್ಟಿಗೆ ಬಿಸಾಕಲಿಲ್ಲ. ಸರ್ವರ್ ಇಲ್ಲದಿದ್ದರೂ ತಾನೇ ಫ್ಯಾನು ಹಾಕುವಂಥ ಸಣ್ಣ ಥರ್ಮೋಸ್ಟಾಟ್ ಒಂದನ್ನು ಪಕ್ಕಕ್ಕೆ ಸೇರಿಸಿದೆವು. ಹಾಳೆ ಈಗಲೂ ಬಾಗಿಲ ಹಿಂದೆ ಅಂಟಿಕೊಂಡಿದೆ. ನಾನು ಆಫೀಸಿಗೆ ಬರೆದ ಎಂಬತ್ತು ಪುಟದ ದಾಖಲೆಗಳಿಗಿಂತ ಅದನ್ನು ಹೆಚ್ಚು ಜನ ಓದಿದ್ದಾರೆ ಅಂತ ಧೈರ್ಯವಾಗಿ ಹೇಳಬಲ್ಲೆ.

ಇನ್ನು 'ಸಸ್ಟೇನಬಿಲಿಟಿ'. ಈ ಪದ ಕೇಳಿದರೆ ಆಫೀಸಿನಲ್ಲಿ ಎಲ್ಲರೂ ಗಿಡ ನೆಡುವ ಫೋಟೋ ಹುಡುಕುತ್ತಾರೆ. ನಮ್ಮ ಜಿಲ್ಲೆಗೆ ಅದು ನೀರಿನ ಇನ್ನೊಂದು ಹೆಸರು. ವರ್ಷವಿಡೀ ಹರಿಯುವ ನದಿ ನಮಗಿಲ್ಲ. ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳು ಇಲ್ಲಿ ಸುದ್ದಿಯೇ ಅಲ್ಲ. ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ತುಂಬಿಸುವ ಯೋಜನೆ ಬಂದಿದೆ. ಅಂತರ್ಜಲ ಏರಲಿ ಅಂತ ಕಾಯುವವರೂ, ಇನ್ನೊಂದು ಹಂತ ಶುದ್ಧ ಮಾಡಿ ಬಿಡಿ ಅಂತ ಕೇಳುವವರೂ ಒಂದೇ ಕಟ್ಟೆ ಮೇಲೆ ಕೂತಿರುತ್ತಾರೆ.

ಬೋರ್‌ವೆಲ್ಲಿಗೂ ಕ್ಲೌಡಿಗೂ ನನಗೆ ಒಂದು ಹೋಲಿಕೆ ಕಾಣುತ್ತದೆ. ಎರಡರಲ್ಲೂ ಗುಂಡಿ ಒತ್ತಿದರೆ ಸಿಗುತ್ತದೆ, ಎಲ್ಲಿಂದ ಬರುತ್ತಿದೆ ಅನ್ನುವುದು ಕಣ್ಣಿಗೆ ಬೀಳುವುದಿಲ್ಲ. ಡೇಟಾ ಸೆಂಟರಿಗೂ ಕರೆಂಟ್ ಬೇಕು, ತಂಪಾಗಿಡಲು ಹಲವು ಕಡೆ ನೀರೂ ಬೇಕು. ಒಂದು ಲ್ಯಾಪ್‌ಟಾಪ್ ತನ್ನ ಬಾಳಿನಲ್ಲಿ ಉಗುಳುವ ಇಂಗಾಲದ ದೊಡ್ಡ ಪಾಲು ಅದನ್ನು ತಯಾರಿಸುವಾಗಲೇ ಆಗಿಹೋಗಿರುತ್ತದೆ. ಹಾಗಾಗಿ ಮೂರು ವರ್ಷಕ್ಕೆ ಬದಲಿಸುವುದನ್ನು ಐದಕ್ಕೆ ತಳ್ಳಿದರೆ ಗಿಡ ನೆಟ್ಟ ಫೋಟೋಗಿಂತ ಹೆಚ್ಚು ಪುಣ್ಯ. ಹಳೆಯವನ್ನು ಗುಜರಿಗೆ ಹಾಕದೆ ಅಧಿಕೃತ ಸಂಸ್ಕರಣೆಗೆ ಕೊಡಬೇಕು ಅಂತ 2023ರ ಏಪ್ರಿಲ್ 1ರಿಂದ ಜಾರಿಯಾದ ಇ-ತ್ಯಾಜ್ಯ ನಿಯಮಗಳೂ ಹೇಳುತ್ತವೆ.

ತಮ್ಮನಿಗೆ ಈಗ ಎರಡನೇ ಬೋರ್ ಕೊರೆಸುವ ಆಸೆ. ಚಿಕ್ಕಮ್ಮ ಬೇಡ ಅಂತಾರೆ. ಅರ್ಧ ಎಕರೆಯಲ್ಲಿ ಸಾಲು ಸೊಪ್ಪು ಕಿತ್ತು, ಹತ್ತು ಅಡಿಗೊಂದರಂತೆ ಮರದ ಹಿಪ್ಪುನೇರಳೆ ಹಾಕಿ ಡ್ರಿಪ್ ಕೊಡೋಣ, ಬೇರು ಆಳಕ್ಕೆ ಹೋದರೆ ಕಡಿಮೆ ನೀರಲ್ಲಿ ಬದುಕುತ್ತೆ ಅನ್ನುವುದು ಅವರ ವಾದ. ಮರ ಬೆಳೆದು ಸೊಪ್ಪು ಕೊಡುವ ತನಕ ವರ್ಷಕ್ಕೆ ಎರಡು ಬೆಳೆ ಕಡಿಮೆಯಾಗುತ್ತದೆ, ಅಷ್ಟರಲ್ಲಿ ಕಂತು ಕಟ್ಟೋರ್ಯಾರು ಅನ್ನುವುದು ಅವನ ಪ್ರಶ್ನೆ. ಎರಡೂ ಸರಿ ಇರುವುದರಿಂದಲೇ ಜಗಳ ಮುಗಿದಿಲ್ಲ. ಈ ಸಲದ ಮಳೆ ನೋಡಿ ತೀರ್ಮಾನ ಅಂತ ಸದ್ಯಕ್ಕೆ ನಿಂತಿದೆ. ನನ್ನನ್ನೂ ಕೇಳಿದರು. ಗುಣಿ ತೆಗೆಸುವ ಖರ್ಚು ನನ್ನದು ಅಂದಿದ್ದೇನೆ. ತಮ್ಮ ಇನ್ನೂ ಹೂಂ ಅಂದಿಲ್ಲ.